ಈಥರ್ ಮತ್ತು ಬೆಂಗಳೂರಿನ ಬೇಸಗೆ

ರಸಾಯನಶಾಸ್ತ್ರದ ಪಠ್ಯಪುಸ್ತಕವನ್ನು ತೆರೆದು ನೋಡಿದರೆ ಡೈಈಥೈಲ್ ಈಥರ್ ಎಂಬ ದ್ರವದ ಕುದಿಬಿಂದು 34.6 ಡಿಗ್ರಿ ಸೆಲ್ಸಿಯಸ್ ಎಂದು ಬರೆದಿರುತ್ತದೆ. ಈ ಅಂಕಿ ಸಮುದ್ರಮಟ್ಟಕ್ಕೆ ಸಲ್ಲುವಂಥದು. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ವಾಯುವಿನ ಒತ್ತಡ ಕಡಿಮೆ. ಆದಕಾರಣ ಇಲ್ಲಿ ಈಥರ್ ಸುಮಾರು 3 ಡಿಗ್ರಿ ಮೊದಲೇ ಕುದಿಯತೊಡಗುತ್ತದೆ. ಏಪ್ರಿಲ್ ತಿಂಗಳ ಮಧ್ಯಾಹ್ನ ನಮ್ಮ ನಗರದ ಉಷ್ಣತೆ 34 ಡಿಗ್ರಿಯನ್ನು ಮುಟ್ಟುವುದು ಅಪರೂಪವಲ್ಲ. ಎಂದಮೇಲೆ, ಪೀಣ್ಯದಲ್ಲಿ ತಗಡಿನ ಸೂರಿನ ಕೆಳಗಿರುವ ಒಂದು ಪುಟ್ಟ ಪರೀಕ್ಷಾಲಯದಲ್ಲಿ ಒಲೆಯ ನೆರವೇ ಇಲ್ಲದೆ ಈಥರ್ ಕುದಿಯಬಲ್ಲದು. ಬೇರೆ ಊರಿನ ಪುಸ್ತಕದ ಎಚ್ಚರಿಕೆ ನಮ್ಮ ಊರಿಗೆ ಸಾಲದು ಎಂಬುದೇ ನನ್ನ ಮಾತಿನ ತಿರುಳು.

1846ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಈಥರಿನ ಆವಿಯನ್ನು ಮೂಸಿಸಿ ರೋಗಿಗೆ ನೋವಿಲ್ಲದೆ ಶಸ್ತ್ರಚಿಕಿತ್ಸೆ ಮಾಡಿ ತೋರಿಸಿದಂದಿನಿಂದ ಈ ದ್ರವಕ್ಕೆ ಕೀರ್ತಿ ಬಂದಿತು. ಇಂದು ಅದರ ಮುಖ್ಯ ಕೆಲಸ ದ್ರಾವಕವಾಗಿ. ಆಹಾರದಲ್ಲಿ ಕೊಬ್ಬೆಷ್ಟಿದೆಯೆಂದು ಅಳೆಯುವವರಿಗೂ ಔಷಧಗಳನ್ನು ಬೇರ್ಪಡಿಸುವವರಿಗೂ ಅದು ಬೇಕು. ಉಪಕಾರಿಯಾದ ಈ ದ್ರವದ ಸ್ವಭಾವ ಮಾತ್ರ ಕಪಟದ್ದು. ಅದರ ಆವಿ ಗಾಳಿಗಿಂತ ಎರಡೂವರೆ ಪಟ್ಟು ಭಾರ. ಹೊಗೆಯಂತೆ ಮೇಲೇರದೆ, ಚೆಲ್ಲಿದ ನೀರಿನಂತೆ ಮೇಜಿನಿಂದ ನೆಲಕ್ಕಿಳಿದು, ಕಣ್ಣಿಗೆ ಕಾಣದೆ ಹರಿಯುತ್ತದೆ. ದೂರದ ಮೂಲೆಯಲ್ಲಿ ದೀಪವೊಂದು ಉರಿಯುತ್ತಿದ್ದರೆ ಅದನ್ನು ಮುಟ್ಟಿ, ಹೊತ್ತಿಕೊಂಡು, ಬಂದ ದಾರಿಯಲ್ಲೇ ಸೀಸೆಯವರೆಗೆ ಹಿಂದಿರುಗುತ್ತದೆ. ಗಾಳಿಯಲ್ಲಿ ನೂರಕ್ಕೆ ಎರಡು ಪಾಲಿನಷ್ಟು ಆವಿ ಬೆರೆತರೂ ಸಾಕು, ಬೆಂಕಿ ಹಿಡಿಯುತ್ತದೆ.

ಜ್ವಾಲೆಯೇ ಬೇಕೆಂದೂ ಇಲ್ಲ. 180 ಡಿಗ್ರಿಗಿಂತ ಕಡಿಮೆ ಶಾಖದ ಮೇಲ್ಮೈ ತಗಲಿದರೂ ಅದು ತಾನಾಗಿ ಹೊತ್ತಿಕೊಳ್ಳಬಲ್ಲದು. ವಿದ್ಯುತ್ ಕಾವಲಿಯ ಶಾಖ ಇದಕ್ಕಿಂತ ಬಹಳ ಹೆಚ್ಚು. ಆದುದರಿಂದ ಈಥರನ್ನು ಬಿಸಿನೀರಿನ ತೊಟ್ಟಿಯಲ್ಲಿಟ್ಟೇ ಕಾಯಿಸಬೇಕು. ಆ ನೀರನ್ನೂ ಬೇರೆ ಕೋಣೆಯಲ್ಲಿ ಕಾಸಿ ತರುವುದು ಲೇಸು. ಮನೆಬಳಕೆಯ ಫ್ರಿಜ್ಜಿನಲ್ಲಿ ಈಥರ್ ಇಡುವುದು ಅನೇಕರ ರೂಢಿ. ಆದರೆ ಅದರೊಳಗಿನ ದೀಪದ ಸ್ವಿಚ್ಚು, ಶಾಖನಿಯಂತ್ರಕ ಇವೆರಡೂ ಕಿಡಿ ಹುಟ್ಟಿಸುವಂಥವು. ಮುಚ್ಚಿದ ಪೆಟ್ಟಿಗೆಯಲ್ಲಿ ಆವಿ ತುಂಬಿದ್ದಾಗ ಒಂದು ಕಿಡಿ ಸಾಕು. ಒಳಗೆ ಕಿಡಿ ಹಾರದಂತೆ ನಿರ್ಮಿಸಿದ ಫ್ರಿಜ್ಜೇ ಇದಕ್ಕೆ ಬೇಕು.

ಇನ್ನು ನೀರಿನ ವಿಷಯ. ಈಥರಿನ ಆವಿಯನ್ನು ಮತ್ತೆ ದ್ರವವಾಗಿಸಲು ಗಾಜಿನ ಶೀತಕದಲ್ಲಿ ತಣ್ಣೀರು ಎಡೆಬಿಡದೆ ಹರಿಯಬೇಕು. 2024ರ ಬೇಸಗೆಯಲ್ಲಿ ಬೆಂಗಳೂರು ಎಂಥ ನೀರಿನ ಬರವನ್ನು ಕಂಡಿತೆಂಬುದು ತಮಗೆಲ್ಲ ತಿಳಿದದ್ದೇ. ಟ್ಯಾಂಕರನ್ನು ನಂಬಿದ ಕಟ್ಟಡದಲ್ಲಿ ನಲ್ಲಿ ನಿಂತರೆ ಶೀತಕ ಬಿಸಿಯಾಗಿ ಆವಿಯೆಲ್ಲ ಕೋಣೆಗೆ ನುಗ್ಗುತ್ತದೆ. ವಿದ್ಯುತ್ತೂ ಹೋದರೆ ಆವಿಯನ್ನು ಹೊರದೂಡುವ ಫ್ಯಾನೂ ನಿಲ್ಲುತ್ತದೆ. ಆದುದರಿಂದ ಮಂಜುಗಡ್ಡೆಯ ನೀರನ್ನು ಪಂಪಿನಿಂದ ಸುತ್ತಿಸುವ ವ್ಯವಸ್ಥೆ ಇರಲಿ. ಅದಕ್ಕಿಂತ ಮಿಗಿಲಾಗಿ, ಈಥರ್ ಕುದಿಯುತ್ತಿರುವಾಗ ಕೋಣೆಯಲ್ಲಿ ಒಬ್ಬರಾದರೂ ಎಚ್ಚರವಾಗಿರಲಿ. ರಾತ್ರಿಯಿಡೀ ಅದನ್ನು ತಾನಾಗಿ ನಡೆಯಲು ಬಿಟ್ಟು ಮನೆಗೆ ಹೋಗುವುದು ಸಲ್ಲದು.

ಹಳೆಯ ಸೀಸೆಯದು ಮತ್ತೊಂದು ಅಪಾಯ. ಗಾಳಿಬೆಳಕುಗಳ ಸಂಪರ್ಕದಿಂದ ಈಥರಿನಲ್ಲಿ ಪೆರಾಕ್ಸೈಡುಗಳೆಂಬ ಸ್ಫೋಟಕಗಳು ಮೆಲ್ಲನೆ ಹುಟ್ಟುತ್ತವೆ. ಈಥರ್ ಆವಿಯಾಗಿ ಹೋದಾಗ ಅವು ತಳದಲ್ಲಿ ಮಡುಗಟ್ಟಿ ನಿಲ್ಲುತ್ತವೆ. ಆದಕಾರಣ ಪಾತ್ರೆ ಪೂರ್ತಿ ಒಣಗುವವರೆಗೆ ಎಂದೂ ಕಾಯಿಸಬಾರದು; ಕಂದು ಸೀಸೆಯ ಮೇಲೆ ತೆರೆದ ದಿನಾಂಕವನ್ನು ಬರೆಯಬೇಕು; ಬಳಸುವ ಮುನ್ನ ಪೊಟ್ಯಾಸಿಯಂ ಅಯೊಡೈಡಿನಿಂದ ಪರೀಕ್ಷಿಸಬೇಕು. ಮುಚ್ಚಳದ ಸುತ್ತ ಹರಳುಗಟ್ಟಿದ್ದರೆ ಆ ಸೀಸೆಯನ್ನು ಮುಟ್ಟದೆ ತಿಳಿದವರನ್ನು ಕರೆಯಬೇಕು.

ಬೆಂಕಿ ಬಿದ್ದಾಗ ನೀರೆರಚಿದರೆ ಫಲವಿಲ್ಲ. ಈಥರ್ ನೀರಿಗಿಂತ ಹಗುರ. ಉರಿಯುತ್ತಲೇ ತೇಲಿ ಹರಡುತ್ತದೆ. ಕಾರ್ಬನ್ ಡೈಆಕ್ಸೈಡ್ ಅಥವಾ ಒಣಪುಡಿಯ ನಂದಕ ಕೈಗೆಟಕುವಂತಿರಬೇಕು. ಮೈಮೇಲೆ ಹತ್ತಿಯ ಮೇಲಂಗಿ ಇರಬೇಕು. 2008ರ ಡಿಸೆಂಬರ್‌ನಲ್ಲಿ ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯದ ಪ್ರಯೋಗಶಾಲೆಯೊಂದರಲ್ಲಿ, ಗಾಳಿ ತಾಗಿದೊಡನೆ ಉರಿಯುವ ರಾಸಾಯನಿಕವೊಂದು ಸಿರಿಂಜಿನಿಂದ ಚಿಮ್ಮಿ ತರುಣಿಯೊಬ್ಬಳ ಉಡುಪಿಗೆ ಬೆಂಕಿ ಹತ್ತಿತು. ಆಕೆ ಮೇಲಂಗಿ ಧರಿಸಿರಲಿಲ್ಲ. 18 ದಿನಗಳ ತರುವಾಯ ತೀರಿಕೊಂಡಳು. ನಮ್ಮಲ್ಲೂ, 2018ರ ಡಿಸೆಂಬರ್‌ನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅನಿಲದ ಸಿಲಿಂಡರು ಸಿಡಿದು ಸಂಶೋಧಕರೊಬ್ಬರು ಅಸುನೀಗಿದರು. ವಿದ್ಯಾವಂತರ ನೆಲೆಗಳಲ್ಲೇ ಹೀಗಾದರೆ, ಪೀಣ್ಯ, ಬೊಮ್ಮಸಂದ್ರಗಳ ಸಣ್ಣ ಪರೀಕ್ಷಾಲಯಗಳ ಪಾಡೇನು?

ಅಲ್ಲಿ ಸೀಸೆ ತೊಳೆಯುವ, ಪೀಪಾಯಿ ಉರುಳಿಸುವ ಕೈಗಳು ಎಷ್ಟೋ ವೇಳೆ ಇಂಗ್ಲಿಷ್ ಓದಲಾರದ ತರುಣ ತರುಣಿಯರವು. ಸೀಸೆಯ ಮೇಲಿನ ಎಚ್ಚರಿಕೆ ಮಾತ್ರ ಇಂಗ್ಲಿಷಿನಲ್ಲಿರುತ್ತದೆ. ಅದೇ ಸೀಸೆಗೆ ಕನ್ನಡದಲ್ಲಿ ಒಂದು ಚೀಟಿ ಅಂಟಿಸಲು ಖರ್ಚಿಲ್ಲ. ಬೇರೆ ರಾಜ್ಯಗಳಿಂದ ಬಂದವರಿದ್ದರೆ ಅವರ ನುಡಿಯಲ್ಲೂ ಬರೆಯೋಣ. ಯಾವ ದ್ರವವನ್ನು ತಾನು ಮುಟ್ಟುತ್ತಿದ್ದೇನೆಂದು ತಿಳಿಯುವುದು ದುಡಿಯುವವನ ಹಕ್ಕು. ತಿಳಿಸುವುದು ದುಡಿಸಿಕೊಳ್ಳುವವನ ಕರ್ತವ್ಯ. ಬೇಸಗೆ ಬರುವ ಮುನ್ನ ತಮ್ಮ ತಮ್ಮ ಕಪಾಟುಗಳಲ್ಲಿರುವ ಸೀಸೆಗಳ ದಿನಾಂಕವನ್ನು ಒಮ್ಮೆ ನೋಡಿಕೊಳ್ಳಬೇಕೆಂದು ಕೇಳಿಕೊಂಡು ವಿರಮಿಸುತ್ತೇನೆ.