ಮಿಕ್ಸರಿನ ತಳದಲ್ಲಿ ಬರೆದ ಅಂಕಿ



ಮುನವಳ್ಳಿ, ಸವದತ್ತಿ, ಬೈಲಹೊಂಗಲದ ಕಡೆಯಿಂದ ಅಮೆರಿಕಕ್ಕೆ ಹೋದ ಮಕ್ಕಳು ರಜೆಗೆ ಊರಿಗೆ ಬರುವಾಗ ಅವ್ವನಿಗೆಂದು ಬ್ಲೆಂಡರೋ ಟೋಸ್ಟರೋ ತರುವುದುಂಟು. ಅದರ ಚಪ್ಪಟೆ ಪಿನ್ನು ನಮ್ಮ ಸಾಕೆಟ್ಟಿಗೆ ಕೂಡುವುದಿಲ್ಲ. ಪೇಟೆಯಲ್ಲಿ ಸಣ್ಣ ಅಡಾಪ್ಟರು ಸಿಗುತ್ತದೆ. ಸಿಕ್ಕಿಸಿ ಸ್ವಿಚ್ ಒತ್ತಿದ ಕೂಡಲೇ ಮೋಟಾರು ಚೀರುತ್ತದೆ, ಸುಟ್ಟ ವಾಸನೆ ಬರುತ್ತದೆ. ಅಡಾಪ್ಟರು ಬದಲಿಸುವುದು ಪಿನ್ನಿನ ಆಕಾರವನ್ನು ಮಾತ್ರ. 120 ವೋಲ್ಟಿಗೆಂದು ಸುತ್ತಿದ ಮೋಟಾರಿಗೆ 230 ವೋಲ್ಟು ಹಾಗೇ ಹರಿದಿರುತ್ತದೆ. ಅಲ್ಲಿ 120, ಇಲ್ಲಿ 230 ಯಾಕಾಯಿತು ಎಂಬುದು ನೂರನಲವತ್ತು ವರ್ಷಗಳ ಕಥೆ.

1882ರ ಸೆಪ್ಟೆಂಬರಿನಲ್ಲಿ ಥಾಮಸ್ ಎಡಿಸನ್ ನ್ಯೂಯಾರ್ಕಿನ ಪರ್ಲ್ ಸ್ಟ್ರೀಟಿನಿಂದ ಮನೆ-ಅಂಗಡಿಗಳಿಗೆ ಕರೆಂಟು ಕೊಡಲು ತೊಡಗಿದ. ಆತನ ಇಂಗಾಲದ ಎಳೆಯ ಬಲ್ಬು ಸುಮಾರು 100 ವೋಲ್ಟಿನಲ್ಲಿ ಚೆನ್ನಾಗಿ ಉರಿಯುತ್ತಿತ್ತು. ತಂತಿಯಲ್ಲಿ ಸೋರಿಹೋಗುವುದನ್ನು ಲೆಕ್ಕ ಹಿಡಿದು 110 ಇಟ್ಟುಕೊಂಡರು. ಅಮೆರಿಕದ ಮನೆಗಳು ಆ ಅಂಕಿಯ ಸುತ್ತಲೇ ಬೆಳೆದವು, ಅದೇ ಮುಂದೆ 120ಕ್ಕೆ ಏರಿತು. 1899ರಲ್ಲಿ ಬರ್ಲಿನ್ನಿನ ವಿದ್ಯುತ್ ಕಂಪನಿ 220 ವೋಲ್ಟಿಗೆ ಹೋಗುವ ಧೈರ್ಯ ಮಾಡಿತು. ವೋಲ್ಟೇಜು ಇಮ್ಮಡಿಯಾದರೆ ಅದೇ ಕೆಲಸಕ್ಕೆ ಅರ್ಧ ಕರೆಂಟು ಸಾಕು, ಅದೇ ತಂತಿಯಲ್ಲಿ ನಷ್ಟ ಕಾಲುಭಾಗಕ್ಕೆ ಇಳಿಯುತ್ತದೆ. ತಾಮ್ರದಲ್ಲಿ ಉಳಿದ ಹಣ ಗ್ರಾಹಕರ ಸಾಮಾನು ಬದಲಿಸುವ ಖರ್ಚಿಗೆ ಆಸರೆಯಾಯಿತು. ಯುರೋಪೆಲ್ಲ ಕ್ರಮೇಣ ಅದೇ ದಾರಿ ಹಿಡಿಯಿತು. ಬ್ರಿಟಿಷರ ಆಳ್ವಿಕೆಯಲ್ಲಿದ್ದ ನಮಗೂ ಅದೇ ಬಂತು. ಅಮೆರಿಕದಲ್ಲಿ ಅಷ್ಟರೊಳಗೆ 110ರ ಸಾಮಾನು ಮನೆಮನೆ ಹೊಕ್ಕಿತ್ತು, ಹಿಂತಿರುಗುವುದು ಸುಲಭವಿರಲಿಲ್ಲ.

ವೋಲ್ಟೇಜಿನ ಜೊತೆಗೆ ಸೈಕಲ್ಲಿನ ಲೆಕ್ಕವೂ ಒಂದಿದೆ, ಸೆಕೆಂಡಿಗೆ ಕರೆಂಟು ಎಷ್ಟು ಸಲ ದಿಕ್ಕು ಬದಲಿಸಿ ಮರಳುತ್ತದೆ ಎಂಬುದು. ನಮ್ಮದು 50, ಅಮೆರಿಕದ್ದು 60. ಜಪಾನಿನಲ್ಲಿ ಟೋಕಿಯೋ ಜರ್ಮನ್ ಯಂತ್ರ ತರಿಸಿತು, ಒಸಾಕಾ ಅಮೆರಿಕದ್ದು ತರಿಸಿತು. ಹೀಗಾಗಿ ಆ ಪುಟ್ಟ ದೇಶದ ಪೂರ್ವಾರ್ಧ ಇಂದಿಗೂ 50, ಪಶ್ಚಿಮಾರ್ಧ 60. ನಮ್ಮ ನಾಡಿನಲ್ಲೂ ಒಂದೇ ಅಳತೆ ಇರಲಿಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಹರಿದ ಕರೆಂಟು 25 ಸೈಕಲ್ಲಿನದು. ಅಲ್ಲಿನ ಜನರೇಟರುಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯವು.

ನಮ್ಮ ಮುನವಳ್ಳಿಯಾದರೋ ಆಗ ಮೈಸೂರಿನಲ್ಲಲ್ಲ, ಮುಂಬೈ ಪ್ರಾಂತದಲ್ಲಿತ್ತು. ನಮ್ಮ ಜಿಲ್ಲೆಯಲ್ಲಿ ಘಟಪ್ರಭೆಯ ಜಲಪಾತದ ಬಲದಿಂದ ಗೋಕಾಕದ ಗಿರಣಿ 1887ರಿಂದಲೇ ನಡೆಯುತ್ತಿತ್ತು. ಹಳ್ಳಿಯ ಅಡುಗೆಮನೆಯಲ್ಲಿ ಮಾತ್ರ ಬೀಸುಕಲ್ಲು, ಒಳ್ಳು, ಹೆಣ್ಣುಮಕ್ಕಳ ರಟ್ಟೆ ಇಷ್ಟೇ. 1956ರಲ್ಲಿ ನಾಡು ಒಂದಾಗಿ, ಮರುವರ್ಷ ರಾಜ್ಯದ ವಿದ್ಯುತ್ ಮಂಡಳಿ ಹುಟ್ಟಿದ ಮೇಲೆ ಕಂಬಗಳು ಊರೂರಿಗೆ ನಡೆದವು. ಭಾಗ್ಯಜ್ಯೋತಿ ಯೋಜನೆ ಬಡವರ ಮನೆಗೆ ಬಲ್ಬು ತಂದಿತು. ನವಿಲುತೀರ್ಥದ ಅಣೆಕಟ್ಟು ತುಂಬಿದ ಮೇಲೆ ಮಲಪ್ರಭೆಯ ಎರಡೂ ದಂಡೆಗೆ ಪಂಪ್‌ಸೆಟ್ಟುಗಳು ಹೆಚ್ಚಿದವು. ಅವೆಲ್ಲ ಒಮ್ಮೆಗೇ ಚಾಲೂ ಆದರೆ ಊರಿನ ಬಲ್ಬು ಕೆಂಪಾಗುತ್ತಿತ್ತು. ಮನೆಯ ವೋಲ್ಟೇಜು ಘೋಷಿತ ಅಂಕಿಗಿಂತ ಶೇಕಡ 6ರಷ್ಟು ಮಾತ್ರ ಹೆಚ್ಚುಕಡಿಮೆಯಾಗಬಹುದೆಂದು 1956ರ ವಿದ್ಯುತ್ ನಿಯಮ ಹೇಳಿತ್ತು. ಬೇಸಿಗೆಯ ಸಂಜೆ ಆ ನಿಯಮ ಹಳ್ಳಿಯ ತನಕ ಬರುತ್ತಿರಲಿಲ್ಲ. ಮಿಕ್ಸರಿನಲ್ಲಿ ಶೇಂಗಾ ಹಾಕಿ ಕುಳಿತ ಹೆಣ್ಣುಮಗಳಿಗೆ ಅದು ಗೊತ್ತಾಗುತ್ತಿತ್ತು. ಬಲ ಸಾಲದೆ ಮೋಟಾರು ನಿಂತುಬಿಟ್ಟರೆ ಕರೆಂಟು ಎಳೆದುಕೊಂಡು ಕಾಯುತ್ತದೆ, ಸುರುಳಿ ಸುಡುತ್ತದೆ.

ಈ ಮಿಕ್ಸರಿನ ಹುಟ್ಟಿನಲ್ಲೇ ಪರದೇಶದ ಸಾಮಾನಿನ ಪ್ರಸಂಗವೊಂದಿದೆ. ಮುಂಬೈಯ ಸೀಮೆನ್ಸ್ ಕಂಪನಿಯ ಎಂಜಿನಿಯರ್ ಸತ್ಯಪ್ರಕಾಶ್ ಮಾಥುರ್ ಅವರ ಮನೆಯಲ್ಲಿ ಜರ್ಮನಿಯ ಬ್ರೌನ್ ಮಿಕ್ಸರು ಕೆಟ್ಟುಹೋಯಿತು. ರಿಪೇರಿಗೆ ದಾರಿಯಿರಲಿಲ್ಲ. ವೋಲ್ಟೇಜಿನ ಮಟ್ಟಿಗೆ ಜರ್ಮನಿಗೂ ನಮಗೂ ಹೆಚ್ಚು ಅಂತರವಿಲ್ಲ. ಅಂತರವಿದ್ದದ್ದು ಕೆಲಸದಲ್ಲಿ. ಹಣ್ಣಿನ ರಸ, ಮೆತ್ತನೆಯ ಹಿಟ್ಟಿಗೆಂದು ಮಾಡಿದ ಯಂತ್ರ ನೆನೆದ ಉದ್ದು, ಒಣಕೊಬ್ಬರಿ, ಅರಿಸಿನದ ಕೊಂಬಿಗೆ ತಾಳುವುದಿಲ್ಲ. ಮಾಥುರ್ 1960ರ ದಶಕದಲ್ಲಿ ನಮ್ಮ ಅಡುಗೆಗೆಂದೇ ಬಲವಾದ ಮೋಟಾರಿನ ‘ಸುಮೀತ್’ ಮಾಡಿದರು. ಮದುವೆಯ ಆಯೇರಿಯಲ್ಲಿ ಮಿಕ್ಸರು ಬಂದದ್ದು ಆಮೇಲಿನ ಮಾತು. ನಮ್ಮ ಹೆಂಗಸರ ರಟ್ಟೆಗೆ ಇಷ್ಟು ಉಪಕಾರ ಮಾಡಿದವರು ಕಡಿಮೆ ಎಂದು ನಾನು ತಿಳಿದಿದ್ದೇನೆ.

ಆಮೇಲೆ ಮಕ್ಕಳು ಪರದೇಶಕ್ಕೆ ಹೊರಟರು, ಮಿಕ್ಸರೂ ಪೆಟ್ಟಿಗೆಯಲ್ಲಿ ಹೊರಟಿತು. ಅಲ್ಲಿ 120 ವೋಲ್ಟಿಗೆ ಅದು ತೆವಳುತ್ತದೆ. ಇಲ್ಲಿಂದ ಒಯ್ದ 1500 ವಾಟಿನ ಕೆಟಲ್ಲು ಅಲ್ಲಿ ಸುಮಾರು 400 ವಾಟಿನಷ್ಟೇ ಕಾಯುತ್ತದೆ, ಯಾಕೆಂದರೆ ಕಾವು ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಏರಿಳಿಯುತ್ತದೆ. ಅಲ್ಲಿ ಓಡುವ ಮಿಕ್ಸರಿನ ಬೇಡಿಕೆ ಕಂಡು ಸುಮೀತ್, ಚೆನ್ನೈನ ಪ್ರೀತಿ ಮೊದಲಾದ ಕಂಪನಿಗಳು 110 ವೋಲ್ಟಿನ ಮಿಕ್ಸರುಗಳನ್ನೇ ಮಾಡಿ ಅಮೆರಿಕ, ಕೆನಡಾಕ್ಕೆ ಕಳಿಸಿದವು. ಹಿಂಡಿ, ಚಟ್ನಿಪುಡಿ ಬಿಡಲಾರದ ಮನೆಗಳಿಗಾಗಿ ನಮ್ಮ ಕಾರ್ಖಾನೆ ಅಲ್ಲಿನ ಕರೆಂಟಿಗೆ ಒಗ್ಗಿತು. ಈ ಚರಿತ್ರೆಯಲ್ಲಿ ನನಗೆ ಅತಿ ಮೆಚ್ಚುಗೆಯ ಘಟ್ಟ ಇದು.

ಈಗ ಅಲ್ಲಿಂದ ಇಲ್ಲಿಗೆ ತರುವವರಿಗೆ ನಾಲ್ಕು ಮಾತು. ಸಾಮಾನಿನ ತಳ ತಿರುವಿ ಅಂಕಿ ಓದಿ. 100ರಿಂದ 240 ಎಂದಿದ್ದರೆ, ಮೊಬೈಲ್ ಚಾರ್ಜರಿನಲ್ಲಿ ಇರುವಂತೆ, ಚಿಂತೆಯಿಲ್ಲ. ಬರೀ 120 ಎಂದಿದ್ದರೆ ನೇರ ಹಚ್ಚಲೇಬೇಡಿ. 1200 ವಾಟಿನ ಟೋಸ್ಟರು ನಮ್ಮ 230ರಲ್ಲಿ 4400 ವಾಟು ಎಳೆಯುತ್ತದೆ, ಅಂದರೆ 19 ಆಂಪಿಯರು. ದೊಡ್ಡ ಪಿನ್ನಿನ ಸಾಕೆಟ್ಟೇ 16 ಆಂಪಿಯರಿನದು. ವೋಲ್ಟೇಜು ಇಳಿಸುವ ಟ್ರಾನ್ಸ್‌ಫಾರ್ಮರು ಬೇಕು, ಅದು ಸಾಮಾನಿನ ವಾಟಿಗಿಂತ ದೊಡ್ಡದಿರಲಿ. ಮೋಟಾರಿನ ಸಾಮಾನಾದರೆ ಇಮ್ಮಡಿ ಇರಲಿ, ಹೊರಡುವ ಕ್ಷಣದಲ್ಲಿ ಅದು ಹೆಚ್ಚು ಎಳೆಯುತ್ತದೆ. ಪ್ರವಾಸಿಗರಿಗೆಂದು ಮಾರುವ ಹಗುರ ಕನ್ವರ್ಟರನ್ನು ಮಿಕ್ಸರಿಗೆ ನಂಬಬೇಡಿ.

ಟ್ರಾನ್ಸ್‌ಫಾರ್ಮರು ಸೈಕಲ್ಲನ್ನು ಬದಲಿಸುವುದಿಲ್ಲ. ಮಿಕ್ಸರಿನ ಬ್ರಶ್ ಮೋಟಾರಿಗೆ 50ಆದರೇನು, 60ಆದರೇನು, ಎರಡೂ ನಡೆಯುತ್ತವೆ. ದೋಸೆಹಿಟ್ಟು ರುಬ್ಬುವ ಗ್ರೈಂಡರಿನ ಇಂಡಕ್ಷನ್ ಮೋಟಾರು ಸೈಕಲ್ಲಿನ ಲೆಕ್ಕಕ್ಕೇ ತಿರುಗುತ್ತದೆ. 60ರದ್ದು ಇಲ್ಲಿ ಆರರಲ್ಲಿ ಒಂದು ಪಾಲು ನಿಧಾನವಾಗಿ, ಹೆಚ್ಚು ಬಿಸಿಯಾಗಿ ನಡೆಯುತ್ತದೆ. ಅಲ್ಲಿನ ಮೈಕ್ರೋವೇವ್ ಒಲೆಯ ಒಳಗಿನ ಟ್ರಾನ್ಸ್‌ಫಾರ್ಮರೂ 60ಕ್ಕೆ ಮಾಡಿದ್ದು, 50ರಲ್ಲಿ ಮಿತಿಮೀರಿ ಕಾಯುತ್ತದೆ. ಅದನ್ನು ಅಲ್ಲೇ ಮಾರಿ, ಇಲ್ಲಿ ಹೊಸದು ಕೊಳ್ಳುವುದು ಮೇಲು.