ಎಲ್ಲರೂ ಉಂಡ ಮೇಲೆ

ಬಸುರಿ ಹೆಂಗಸರು ಮನೆಯವರ ಕಣ್ಣು ತಪ್ಪಿಸಿ ತಿನ್ನುವ ಕೆಲವು ವಸ್ತುಗಳಿವೆ. ಒಬ್ಬರು ಗೋಡೆಯ ಕೆಮ್ಮಣ್ಣು ಕೆರೆದು ತಿನ್ನುತ್ತಾರೆ, ಇನ್ನೊಬ್ಬರು ಮಕ್ಕಳ ಬಳಪ, ಮತ್ತೊಬ್ಬರು ಸೆರಗಿನ ತುದಿಯಲ್ಲಿ ಕಟ್ಟಿಕೊಂಡ ಹಸಿ ಅಕ್ಕಿ. ಮೊದಲ ಮಳೆಗೆ ಮಣ್ಣಿನ ವಾಸನೆ ಎದ್ದರೆ ಸಾಕು, ಬಾಯಲ್ಲಿ ನೀರೂರುತ್ತದೆ ಎನ್ನುವವರನ್ನು ನಾನೇ ಕಂಡಿದ್ದೇನೆ. ಮನೆಯ ಹಿರಿಯರು ಬಸುರಿ ಬಯಕೆ ಎಂದು ನಕ್ಕು ಸುಮ್ಮನಾಗುತ್ತಾರೆ. ವೈದ್ಯರು ನಗುವುದಿಲ್ಲ. ಮಣ್ಣು, ಬಳಪ ತಿನ್ನಲೇಬೇಕು ಎನ್ನಿಸುವ ಚಪಲಕ್ಕೂ ಮೈಯಲ್ಲಿ ಕಬ್ಬಿಣದ ಅಂಶ ಬತ್ತಿರುವುದಕ್ಕೂ ನಂಟಿದೆ ಎಂದು ಅವರಿಗೆ ಗೊತ್ತು. ಸಂಕಟವೆಂದರೆ, ಆ ಮಣ್ಣಿನಿಂದ ಅವಳಿಗೆ ಬೇಕಾದ ಕಬ್ಬಿಣ ಸಿಗುವುದಿಲ್ಲ. ಊಟದಲ್ಲಿ ಬಂದ ಅಷ್ಟಿಷ್ಟನ್ನೂ ಜೇಡಿಮಣ್ಣು ಹೊಟ್ಟೆಯಲ್ಲೇ ಹಿಡಿದಿಟ್ಟುಕೊಳ್ಳುತ್ತದೆ, ಜೊತೆಗೆ ಜಂತುಹುಳುವಿನ ಮೊಟ್ಟೆಗಳನ್ನೂ ಒಳಗೆ ಕಳಿಸುತ್ತದೆ.

ನಮ್ಮ ಆಡುಮಾತಿನಲ್ಲಿ ‘ರಕ್ತ ಕಮ್ಮಿ’ ಎನ್ನುತ್ತೇವಲ್ಲ, ಆ ರಕ್ತಹೀನತೆಯ ಬಗ್ಗೆ ಇವತ್ತು ನಾನು ಮಾತಾಡಬೇಕೆಂದಿದ್ದೇನೆ. 2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಭಾರತದಲ್ಲಿ 15ರಿಂದ 49 ವರ್ಷದೊಳಗಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ. ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 67. ಗಂಡಸರಲ್ಲಿ ನೂರಕ್ಕೆ 25. ಕರ್ನಾಟಕದ ಹೆಂಗಸರ ಲೆಕ್ಕ ಸುಮಾರು 48, ಮಕ್ಕಳದ್ದು 65ಕ್ಕೂ ಮೇಲೆ.

ಈ ಅಂಕಿಗಳ ಬಗ್ಗೆ ಒಂದು ತಕರಾರಿದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಈ ಸಮೀಕ್ಷೆಯವರು ಬೆರಳ ತುದಿಗೆ ಸೂಜಿ ಚುಚ್ಚಿ ಬಂದ ಹನಿಯನ್ನು ಪರೀಕ್ಷಿಸುತ್ತಾರೆ. ತೋಳಿನ ರಕ್ತನಾಳದಿಂದ ತೆಗೆದು ನೋಡಿದರೆ ರಕ್ತಹೀನರ ಸಂಖ್ಯೆ ಕಡಿಮೆ ಬರುತ್ತದೆ. 2016–18ರಲ್ಲಿ ಮಕ್ಕಳ ಪೋಷಣೆಗೆಂದೇ ನಡೆದ ಇನ್ನೊಂದು ರಾಷ್ಟ್ರೀಯ ಸಮೀಕ್ಷೆಯಲ್ಲಿ ಹಾಗೆ ರಕ್ತ ತೆಗೆದು ನೋಡಿದರು. ಆಗ ಒಂದರಿಂದ ನಾಲ್ಕು ವರ್ಷದ ಮಕ್ಕಳಲ್ಲಿ ಕಂಡದ್ದು ನೂರಕ್ಕೆ ಸುಮಾರು 41. ತಜ್ಞರು ಈ ವ್ಯತ್ಯಾಸವನ್ನು ಚರ್ಚಿಸಲಿ, ಚರ್ಚಿಸಬೇಕಾದ್ದೇ. ಆದರೆ ಚಿಕ್ಕ ಲೆಕ್ಕವನ್ನೇ ಹಿಡಿದರೂ ಅಂಗನವಾಡಿಯ ಚಾಪೆಯ ಮೇಲೆ ಕೂತ ಐದು ಮಕ್ಕಳಲ್ಲಿ ಇಬ್ಬರು ಬಿಳಚಿಕೊಂಡಿದ್ದಾರೆ.

ನನ್ನನ್ನು ಹೆಚ್ಚು ಕಾಡುವುದು ಬೇರೆಯೇ ಒಂದು ಜೋಡಿ ಅಂಕಿ. 2005–06ರಲ್ಲಿ ನಮ್ಮ ದೇಶದ ನೂರು ಹೆರಿಗೆಗಳಲ್ಲಿ ಆಸ್ಪತ್ರೆಯಲ್ಲಿ ಆಗುತ್ತಿದ್ದವು ಸುಮಾರು 39. ಹದಿನೈದು ವರ್ಷದಲ್ಲಿ ಅದು 89ರ ಹತ್ತಿರಕ್ಕೆ ಬಂತು. 2005ರಲ್ಲಿ ಆಸ್ಪತ್ರೆಯ ಹೆರಿಗೆಗೆ ದುಡ್ಡು ಕೊಡುವ ಜನನಿ ಸುರಕ್ಷಾ ಯೋಜನೆ ಬಂತು, ಆಶಾ ಕಾರ್ಯಕರ್ತೆಯರು ಬಂದರು, 108ರ ಆಂಬುಲೆನ್ಸ್ ಗಾಡಿ ಊರೊಳಗೆ ಬಂತು. ಲಕ್ಷ ಜೀವಂತ ಜನನಕ್ಕೆ 254 ತಾಯಂದಿರು ಸಾಯುತ್ತಿದ್ದ ದೇಶದಲ್ಲಿ 2018–20ರ ಹೊತ್ತಿಗೆ ಆ ಸಂಖ್ಯೆ 97ಕ್ಕೆ ಇಳಿಯಿತು. ಇಷ್ಟು ದೊಡ್ಡ ದೇಶ ಇಷ್ಟು ಕಡಿಮೆ ಅವಧಿಯಲ್ಲಿ ಇದನ್ನು ಮಾಡಿದ್ದು ಸಣ್ಣ ಮಾತಲ್ಲ. ಇದರ ಹಿಂದೆ ರಾತ್ರಿ ಎರಡು ಗಂಟೆಗೆ ಟಾರ್ಚ್ ಹಿಡಿದು ಬಸುರಿಯ ಜೊತೆ ಹೊರಟ ಸಾವಿರಾರು ಆಶಾ ಅಕ್ಕಂದಿರಿದ್ದಾರೆ. ಅದೇ ಹದಿನೈದು ವರ್ಷದಲ್ಲಿ ಹೆಂಗಸರ ರಕ್ತಹೀನತೆ ಏನಾಯಿತು? ನೂರಕ್ಕೆ 55 ಇದ್ದದ್ದು 57 ಆಯಿತು.

ಯಾಕೆ ಹೀಗೆ? ಹೆರಿಗೆ ಒಂದು ದಿನದ ಕೆಲಸ. ಗಾಡಿ ಕಳಿಸಬಹುದು, ದುಡ್ಡು ಕೊಡಬಹುದು, ದಾಖಲೆಯಲ್ಲಿ ಬರೆದು ಮುಗಿಸಬಹುದು. ರಕ್ತ ತುಂಬಿಕೊಳ್ಳುವುದು ದಿನದಿನದ ಕೆಲಸ, ಅದು ನಡೆಯುವುದು ಅಡುಗೆಮನೆಯಲ್ಲಿ. ಅಲ್ಲಿಗೆ 108 ಬರುವುದಿಲ್ಲ.

ಒಂದು ಬಸುರಿಗೆ ಎಷ್ಟು ಕಬ್ಬಿಣ ಬೇಕು? ಒಂಬತ್ತು ತಿಂಗಳಿಗೆ ಹತ್ತಿರ ಹತ್ತಿರ ಒಂದು ಗ್ರಾಂ. ಅಕ್ಕಸಾಲಿಗರ ಹಳೆಯ ಲೆಕ್ಕದಲ್ಲಿ ಎಂಟು ಗುಲಗಂಜಿ ತೂಕ. ಇಷ್ಟೇನಾ ಅನ್ನಿಸಬಹುದು. ಆದರೆ ಅವಳ ಮೈಯಲ್ಲಿ ಆಗ ರಕ್ತದ ಪ್ರಮಾಣ ಮೊದಲಿಗಿಂತ ಹೆಚ್ಚುಕಡಿಮೆ ಅರ್ಧದಷ್ಟು ಹೆಚ್ಚಾಗಬೇಕು. ಕೂಸಿನ ರಕ್ತ, ಮಾಸು ಬೆಳೆಯಬೇಕು. ಹೆರಿಗೆಯಲ್ಲಿ ಹೋಗುವ ರಕ್ತಕ್ಕೂ ಮೊದಲೇ ಕೂಡಿಟ್ಟಿರಬೇಕು. ನಾವು ತಿನ್ನುವ ಸೊಪ್ಪು, ಕಾಳು, ಧಾನ್ಯಗಳಲ್ಲಿ ಕಬ್ಬಿಣ ಇದೆ ನಿಜ, ಅದರಲ್ಲಿ ಮೈಗೆ ಹತ್ತುವುದು ತೀರ ಸ್ವಲ್ಪ. ಊಟವಾದ ತಕ್ಷಣ ಒಂದು ಲೋಟ ಟೀ ಕುಡಿದರೆ ಆ ಸ್ವಲ್ಪವೂ ಕಡಿಮೆಯಾಗುತ್ತದೆ. ಅದೇ ಊಟಕ್ಕೆ ನಿಂಬೆಹಣ್ಣು ಹಿಂಡಿಕೊಂಡರೆ, ಒಂದು ಸೀಬೆಹಣ್ಣೋ ನೆಲ್ಲಿಕಾಯಿಯೋ ತಿಂದರೆ ಹೆಚ್ಚು ಹತ್ತುತ್ತದೆ. ನಮ್ಮ ಅಜ್ಜಿಯರು ಕಾಳನ್ನು ಮೊಳಕೆ ಬರಿಸಿ ಹುಳಿ ಮಾಡುತ್ತಿದ್ದರಲ್ಲ, ಅದರಲ್ಲೂ ವಿಜ್ಞಾನವಿದೆ. ಮೊಳಕೆ ಬಂದಾಗ ಕಬ್ಬಿಣವನ್ನು ಹಿಡಿದಿಡುವ ಅಂಶ ಕಡಿಮೆಯಾಗುತ್ತದೆ.

ತಾಯಿಯ ಬಳಿ ಇಲ್ಲದ್ದು ಮಗುವಿಗೂ ಸಿಗುವುದಿಲ್ಲ. ದಿನ ತುಂಬಿ ಹುಟ್ಟಿದ ಕೂಸು ಸುಮಾರು ಆರು ತಿಂಗಳಿಗೆ ಆಗುವಷ್ಟು ಕಬ್ಬಿಣವನ್ನು ಬುತ್ತಿಯಂತೆ ಕಟ್ಟಿಕೊಂಡು ಬರುತ್ತದೆ. ತಾಯಿಯೇ ಬತ್ತಿದ್ದರೆ, ಕೂಸು ದಿನ ತುಂಬುವ ಮೊದಲೇ ಹುಟ್ಟಿದರೆ, ಬುತ್ತಿ ಚಿಕ್ಕದು. ಎದೆಹಾಲು ಅಮೃತವೇ, ಆದರೆ ಅದರಲ್ಲಿ ಕಬ್ಬಿಣ ಬಹಳ ಕಡಿಮೆ. ಆರು ತಿಂಗಳಾದ ಮೇಲೆ ಬೇಳೆ, ಸೊಪ್ಪು, ಮೊಟ್ಟೆ ಎಲ್ಲವನ್ನೂ ನುಣ್ಣಗೆ ಹಿಸುಕಿ ಉಣಿಸಬೇಕು. ನಾವು ಉಣಿಸುವುದು ಹೆಚ್ಚಾಗಿ ನೀರು ನೀರಾದ ಗಂಜಿ, ಬೇಳೆಯ ತಿಳಿ, ಇಲ್ಲವೇ ಅಂಗಡಿಯ ಬಿಸ್ಕತ್ತು ಅದ್ದಿದ ಹಾಲು. ಆರರಿಂದ ಇಪ್ಪತ್ತಮೂರು ತಿಂಗಳ ಮಕ್ಕಳಲ್ಲಿ ತಕ್ಕಮಟ್ಟಿನ ಆಹಾರ ಸಿಗುತ್ತಿರುವುದು ನೂರಕ್ಕೆ 11 ಮಕ್ಕಳಿಗೆ ಮಾತ್ರ ಎಂದು ಅದೇ ಐದನೆಯ ಸಮೀಕ್ಷೆ ಹೇಳುತ್ತದೆ. ಮಿದುಳು ಭರದಿಂದ ಬೆಳೆಯುವ ಕಾಲ ಅದು. ಆಗ ಕಬ್ಬಿಣ ಸಾಲದೇ ಹೋದ ಮಗು ಮುಂದೆ ಶಾಲೆಯಲ್ಲಿ ಮಂಕಾಗಿ ಕೂತರೆ, ಅದನ್ನು ದಡ್ಡ ಎನ್ನುವ ಹಕ್ಕು ಯಾರಿಗೂ ಇಲ್ಲ.

ಈಗ ಅಡುಗೆಮನೆಗೆ ಬರೋಣ. ನಾನು ಬೆಳೆದ ಮನೆಯಲ್ಲಿ ಮೊದಲು ಗಂಡಸರು, ಆಮೇಲೆ ಮಕ್ಕಳು, ಆಮೇಲೆ ಅಜ್ಜಿ, ಎಲ್ಲರೂ ಉಂಡ ಮೇಲೆ ಅಮ್ಮ, ಚಿಕ್ಕಮ್ಮ. ಅವರು ಹಸಿದೇ ಮಲಗುತ್ತಿದ್ದರು ಎಂದರೆ ಸುಳ್ಳಾಗುತ್ತದೆ. ಅನ್ನ ಇರುತ್ತಿತ್ತು, ಮುದ್ದೆ ಇರುತ್ತಿತ್ತು. ಹುಳಿಯ ಪಾತ್ರೆಯಲ್ಲಿ ಮಾತ್ರ ಅಷ್ಟು ಹೊತ್ತಿಗೆ ಹೋಳು ಮುಗಿದು, ಬೇಳೆ ಮುಗಿದು, ತಿಳಿ ಉಳಿದಿರುತ್ತಿತ್ತು. ಅಮ್ಮ ಅದನ್ನು ಕಲಸಿಕೊಂಡು, ಉಪ್ಪಿನಕಾಯಿ ನೆಂಚಿಕೊಂಡು ಉಣ್ಣುತ್ತಿದ್ದಳು. ರಕ್ತ ಕಟ್ಟುವ ವಸ್ತುವೆಲ್ಲ ಆ ಹೋಳು ಬೇಳೆಯಲ್ಲೇ ಇತ್ತು ಎಂದು ನನಗೆ ತಿಳಿದದ್ದು ಬಹಳ ವರ್ಷಗಳ ನಂತರ. ಗಂಡಸರಿಗೆ 25, ಹೆಂಗಸರಿಗೆ 57 ಎಂಬ ಅಂತರದಲ್ಲಿ ಮುಟ್ಟು, ಬಸುರು, ಹೆರಿಗೆಗಳ ಪಾಲು ದೊಡ್ಡದು. ಆದರೆ ಬಡಿಸುವ ಸರದಿಯ ಪಾಲೂ ಅದರಲ್ಲಿದೆ ಎಂದು ನಾನು ನಂಬುತ್ತೇನೆ.

ಇನ್ನೂ ಒಂದು ಮಾತು. ಮನೆಗೆ ಹೊಸದಾಗಿ ಬಂದ ಸೊಸೆಗೆ ಆ ಮನೆಯಲ್ಲಿ ಎಲ್ಲರಿಗಿಂತ ಕಡಿಮೆ ಮಾತು, ಎಲ್ಲರಿಗಿಂತ ಹೆಚ್ಚು ಕೆಲಸ, ಎಲ್ಲರಿಗಿಂತ ಕೊನೆಯ ಊಟ. ಅವಳು ಮೊದಲ ಸಲ ಬಸುರಿಯಾಗುವುದೂ ಸರಿಯಾಗಿ ಆಗಲೇ. ಅತ್ತೆಯಾಗಿ, ಮನೆಯ ಯಜಮಾನಿಯಾಗಿ, ಹಾಲಿನ ಕೆನೆ ತನಗೂ ಇರಲಿ ಎನ್ನುವ ಧೈರ್ಯ ಬರುವ ಹೊತ್ತಿಗೆ ಹೆರುವ ವಯಸ್ಸು ಮುಗಿದಿರುತ್ತದೆ. ಅದೇ ಐದನೆಯ ಸಮೀಕ್ಷೆಯ ಪ್ರಕಾರ, ನಮ್ಮ ದೇಶದಲ್ಲಿ 20ರಿಂದ 24 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 23 ಮಂದಿಗೆ ಮದುವೆಯಾದದ್ದು ಹದಿನೆಂಟು ತುಂಬುವ ಮೊದಲು, ಕರ್ನಾಟಕದಲ್ಲಿ 21. ಅಂಥ ಹುಡುಗಿ ತಾನೇ ಇನ್ನೂ ಬೆಳೆಯುತ್ತಿರುತ್ತಾಳೆ, ಒಳಗಿನ ಕೂಸೂ ಬೆಳೆಯಬೇಕು. ತಟ್ಟೆಯಲ್ಲಿರುವುದು ತಿಳಿ.

ಸರ್ಕಾರ ಕಬ್ಬಿಣದ ಮಾತ್ರೆ ಕೊಡಲು ಶುರುಮಾಡಿದ್ದು 1970ರಲ್ಲಿ. ಅರ್ಧ ಶತಮಾನ ದಾಟಿದೆ. ಬಸುರಿಗೆ ದಿನಕ್ಕೊಂದರಂತೆ 180 ಕೆಂಪು ಮಾತ್ರೆ, ಹೆತ್ತ ಮೇಲೆ ಮತ್ತೆ 180. ಶಾಲೆಯ ದೊಡ್ಡ ಹುಡುಗಿಯರಿಗೂ ಹುಡುಗರಿಗೂ ವಾರಕ್ಕೊಂದು ನೀಲಿ ಮಾತ್ರೆ. ಮಾತ್ರೆ ಮನೆಗೆ ಬರುತ್ತದೆ, ಹೊಟ್ಟೆಗೆ ಹೋಗುವುದಿಲ್ಲ. ತಿಂದರೆ ವಾಕರಿಕೆ, ಮಲಬದ್ಧತೆ, ಮಲ ಕಪ್ಪಾಗುತ್ತದೆ ಎಂಬ ಗಾಬರಿ. ಅದಕ್ಕಿಂತ ಬಲವಾದದ್ದು ಮನೆಯಲ್ಲಿ ಕೇಳಿಬರುವ ಮಾತು: ಮಾತ್ರೆ ತಿಂದರೆ ಮಗು ಕಪ್ಪಗೆ ಹುಟ್ಟುತ್ತದೆ, ಮಗು ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆ. ಹೆರಿಗೆಯ ಭಯ ಕಂಡುಂಡ ಅಜ್ಜಿಯಂದಿರ ಮಾತದು. ಆಪರೇಷನ್ ಇಲ್ಲದ ಕಾಲದಲ್ಲಿ ದಪ್ಪ ಮಗು ಎಂದರೆ ಸಾವೇ ಆಗಿತ್ತು. ಅವರನ್ನು ಬೈದು ಪ್ರಯೋಜನವಿಲ್ಲ, ಪಕ್ಕದಲ್ಲಿ ಕೂತು ಬಿಡಿಸಿ ಹೇಳಬೇಕು. ಹಾಗೆ ಕೂತು ಹೇಳುವಷ್ಟು ಹೊತ್ತು ನಮ್ಮ ಸಿಸ್ಟರಮ್ಮಂದಿರಿಗೆ ಉಳಿದಿಲ್ಲ. ಅವರ ದಿನದ ಬಹುಪಾಲು ರಿಜಿಸ್ಟರು ತುಂಬುವುದರಲ್ಲೇ ಹೋಗುತ್ತದೆ.

ಮನೆಯ ತಟ್ಟೆಯನ್ನು ಬದಲಿಸಲಾಗದಿದ್ದರೆ ಇನ್ನೊಂದು ತಟ್ಟೆ ಇಡಬಹುದಲ್ಲವೇ? ಆ ತಟ್ಟೆ ಅಂಗನವಾಡಿಯದ್ದು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದಾಗ ಕರ್ನಾಟಕದಲ್ಲಿ ಆರಿಸಿಕೊಂಡದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರವನ್ನು, ನೂರು ಅಂಗನವಾಡಿಗಳೊಂದಿಗೆ. ಈಗ ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ಅವು ಇಷ್ಟು ಹಬ್ಬಿದ್ದರ ಹಿಂದೆ ಸುಪ್ರೀಂ ಕೋರ್ಟಿನ ಆದೇಶಗಳೂ ಇವೆ. 2001ರಲ್ಲಿ ಗೋದಾಮಿನಲ್ಲಿ ಧಾನ್ಯ ಕೊಳೆಯುತ್ತಿದ್ದಾಗ, ರಾಜಸ್ಥಾನದ ಬರಗಾಲದ ಹಸಿವನ್ನು ಮುಂದಿಟ್ಟು ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್ ಸಂಸ್ಥೆ ಹೂಡಿದ ಮೊಕದ್ದಮೆಯಿಂದ ಬಂದ ಆದೇಶಗಳು ಅವು.

ಬಹಳ ವರ್ಷ ಅಂಗನವಾಡಿಯಿಂದ ಬಸುರಿ ಬಾಣಂತಿಯರಿಗೆ ಪೌಷ್ಟಿಕ ಹಿಟ್ಟನ್ನೋ ಕಾಳನ್ನೋ ಮನೆಗೆ ಕೊಟ್ಟು ಕಳಿಸುತ್ತಿದ್ದರು. ಮನೆಗೆ ಹೋದದ್ದು ಮನೆಯದ್ದಾಗುತ್ತಿತ್ತು. ಎಲ್ಲರ ಪಾಲಿಗೂ ಒಂದೊಂದು ತುತ್ತು. ಹೆಸರು ಅವಳದ್ದು, ಊಟ ಎಲ್ಲರದ್ದು. 2017ರ ಅಕ್ಟೋಬರ್ 2ರಂದು ಕರ್ನಾಟಕ ಮಾತೃಪೂರ್ಣ ಯೋಜನೆಯನ್ನು ರಾಜ್ಯಕ್ಕೆಲ್ಲ ವಿಸ್ತರಿಸಿದಾಗ ಅದರ ತಿರುಳು ಇಷ್ಟೇ: ಬಸುರಿ ಅಂಗನವಾಡಿಗೇ ಬರಲಿ, ಅಲ್ಲೇ ಕೂತು ಬಿಸಿಯೂಟ ಮಾಡಲಿ. ಅನ್ನ, ಸಾಂಬಾರು, ಪಲ್ಯ, ಮೊಟ್ಟೆ, ಹಾಲು, ಕಡಲೆಬೀಜದ ಚಿಕ್ಕಿ, ಅಲ್ಲೇ ಕಬ್ಬಿಣದ ಮಾತ್ರೆ. ತೆಲಂಗಾಣದಲ್ಲೂ ಆರೋಗ್ಯ ಲಕ್ಷ್ಮಿ ಎಂಬ ಹೆಸರಿನಲ್ಲಿ ಇಂಥದೇ ಊಟ ನಡೆದಿತ್ತು. ನನಗೆ ಈ ಯೋಜನೆಯಲ್ಲಿ ಮೊಟ್ಟೆ ಹಾಲಿಗಿಂತ ದೊಡ್ಡದಾಗಿ ಕಾಣುವುದು ಬಡಿಸುವ ಸರದಿ. ಹಗಲು ಹೊತ್ತಿನಲ್ಲಿ, ಕೂತಲ್ಲಿಗೆ, ಇನ್ನೊಬ್ಬರು ಬಡಿಸಿದ ಊಟ. ಮೊದಲ ಪಂಕ್ತಿ. ಮದುವೆಯಾದ ಮೇಲೆ ಎಷ್ಟೋ ಹೆಣ್ಣುಮಕ್ಕಳು ಹಾಗೆ ಉಂಡೇ ಇರಲಿಲ್ಲ.

ಎಲ್ಲರೂ ಬಂದರೇ? ಇಲ್ಲ. ಮಲೆನಾಡಿನಲ್ಲಿ ಒಂದು ಮನೆಗೂ ಅಂಗನವಾಡಿಗೂ ನಡುವೆ ಒಂದು ಗುಡ್ಡ, ಒಂದು ಹಳ್ಳ. ಎಂಟು ತಿಂಗಳ ಹೊಟ್ಟೆ ಹೊತ್ತು ದಿನಾ ಹತ್ತಿ ಇಳಿಯಲು ಆಗುತ್ತದೆಯೇ? ಬಯಲು ಸೀಮೆಯಲ್ಲಿ ಹತ್ತಿ ಬಿಡಿಸಲು ಹೋದ ಕೂಲಿಯವಳು ಮಧ್ಯಾಹ್ನ ಹೊಲ ಬಿಟ್ಟು ಬಂದರೆ ಅರ್ಧ ಕೂಲಿ ಹೋಯಿತು. ಹೆತ್ತ ಮೇಲೆ ಬಾಣಂತಿ ಹೊಸ್ತಿಲು ದಾಟಬಾರದು ಎಂಬ ಮನೆಗಳಿವೆ. ಅಡುಗೆ ಮಾಡಿದವರು ಯಾರು ಎಂದು ಜಾತಿ ಕೇಳಿ ತಟ್ಟೆ ದೂರ ಸರಿಸಿದ ಮನೆಗಳೂ ಇವೆ, ಅದನ್ನು ಹೇಳಲು ನೋವಾಗುತ್ತದೆ. ಚೊಚ್ಚಲ ಬಸುರಿ ಏಳನೆಯ ತಿಂಗಳಿಗೋ ಒಂಬತ್ತಕ್ಕೋ ಸೀಮಂತ ಮುಗಿಸಿ ತವರಿಗೆ ಹೋಗುತ್ತಾಳೆ, ಅವಳ ಹೆಸರು ಗಂಡನ ಊರಿನ ಅಂಗನವಾಡಿಯ ಪುಸ್ತಕದಲ್ಲೇ ಉಳಿಯುತ್ತದೆ. ತವರಿನ ಟೀಚರಮ್ಮ ಹೆಸರು ಬರೆದುಕೊಂಡು ಬಡಿಸಬಹುದು, ಬಡಿಸುತ್ತಾರೆ ಕೂಡ. ಯಾರಾದರೂ ಹೋಗಿ ಹೇಳಬೇಕು, ಅಷ್ಟೆ.

ಅಂಗನವಾಡಿ ಟೀಚರಮ್ಮನಿಗೆ, ಸಹಾಯಕಿಗೆ ಸಿಗುವುದನ್ನು ನಾವು ಇಂದಿಗೂ ಸಂಬಳ ಎನ್ನುವುದಿಲ್ಲ, ಗೌರವಧನ ಎನ್ನುತ್ತೇವೆ. ಅವರಿಗೂ ಗ್ರಾಚ್ಯುಟಿ ಸಲ್ಲಬೇಕೆಂದು 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ಊರಿನ ಬಸುರಿಯರಿಗೆಲ್ಲ ಬಡಿಸಿ, ಮಕ್ಕಳನ್ನು ಮಲಗಿಸಿ, ಪಾತ್ರೆ ತೊಳೆದು, ಮೊಬೈಲಿನಲ್ಲಿ ಲೆಕ್ಕ ತುಂಬಿ ಮನೆಗೆ ಹೋದ ಆಕೆ ತನ್ನ ಮನೆಯಲ್ಲಿ ಯಾವಾಗ ಉಣ್ಣುತ್ತಾಳೆ ಎಂದು ನಾನು ಒಬ್ಬರನ್ನು ಕೇಳಿದೆ. ‘ಎಲ್ಲರದ್ದೂ ಆದ ಮೇಲೆ’ ಎಂದರು.

ನಿಮ್ಮ ಮನೆಯಲ್ಲಿ ಬಸುರಿ ಇದ್ದರೆ ಕೆಲವು ವಿಷಯ ತಿಳಿದಿರಲಿ. ತಾಯಿ ಕಾರ್ಡಿನಲ್ಲಿ ಎಚ್‌ಬಿ (ಹಿಮೋಗ್ಲೋಬಿನ್) ಎಂದು ಬರೆಯುವ ಜಾಗವಿದೆ. ಅಲ್ಲಿ 11 ಅಥವಾ ಹೆಚ್ಚಿದ್ದರೆ ಸರಿಯಿದೆ, ದಿನದ ಮಾತ್ರೆ ತಪ್ಪಿಸಬೇಡಿ. 7ರಿಂದ 11ರ ಒಳಗಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಚಿಕಿತ್ಸೆಯಿದೆ, ಮಾತ್ರೆ ಹೆಚ್ಚಿಸುವುದೋ ಡ್ರಿಪ್ ಹಾಕುವುದೋ ಅವರು ಹೇಳುತ್ತಾರೆ. 7ಕ್ಕಿಂತ ಕಡಿಮೆಯಿದ್ದರೆ ನಾಳೆ ಎನ್ನಬೇಡಿ, ಇವತ್ತೇ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಕೆಂಪು ಮಾತ್ರೆಯನ್ನು ಊಟವಾಗಿ ಒಂದು ಗಂಟೆಯ ನಂತರ ನಿಂಬೆ ಪಾನಕದ ಜೊತೆ ತೆಗೆದುಕೊಳ್ಳಲಿ, ಟೀ ಜೊತೆ ಬೇಡ, ಹಾಲಿನ ಜೊತೆ ಬೇಡ, ಕ್ಯಾಲ್ಸಿಯಂ ಮಾತ್ರೆಯ ಜೊತೆಯಂತೂ ಬೇಡವೇ ಬೇಡ. ಮಲ ಕಪ್ಪಾದರೆ ಹೆದರಬೇಡಿ, ಅದು ಮಾತ್ರೆಯ ಬಣ್ಣ. ಪ್ರತಿ ತಿಂಗಳು 9ನೆಯ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರನ್ನು ವೈದ್ಯರು ಉಚಿತವಾಗಿ ತಪಾಸಣೆ ಮಾಡುತ್ತಾರೆ. ತಾಯಿ ಕಾರ್ಡು ಮನೆಯಲ್ಲೇ ಎಲ್ಲೋ ಇರುತ್ತದೆ, ಟ್ರಂಕಿನ ಬಟ್ಟೆಯ ಮಡಿಕೆಯಲ್ಲಿ, ಇಲ್ಲವೇ ದೇವರ ಪಟದ ಹಿಂದೆ. ಈ ರಾತ್ರಿ ಅದನ್ನು ತೆಗೆದು ನೋಡಿ.