ಬಲಕ್ಕೆ ಬಾಗುವ ಚೆಂಡು

ಗಾಲ್ಫ್ ಆಟ ನಮ್ಮ ನಾಡಿಗೆ ಹೊಸತಲ್ಲ. ಬೆಂಗಳೂರಿನಲ್ಲಿ ಗಾಲ್ಫ್ ಕ್ಲಬ್ಬು ಸ್ಥಾಪನೆಯಾದದ್ದು 1876ರಲ್ಲಿ. ಅದೇ ಊರಿನ ಅದಿತಿ ಅಶೋಕ್ 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ನಾಲ್ಕನೆಯವರಾಗಿ, ಸ್ವಲ್ಪದರಲ್ಲೇ ಪದಕ ಕಳೆದುಕೊಂಡಾಗ, ಎಂದೂ ಗಾಲ್ಫ್ ನೋಡದವರೂ ಈ ಆಟದ ವಿಷಯ ವಿಚಾರಿಸತೊಡಗಿದರು. ಈಗ ಕೋಲು ಹಿಡಿದು ಕಲಿಯುತ್ತಿರುವವರಲ್ಲಿ ಬಹುಮಂದಿಯನ್ನು ಕಾಡುವ ಒಂದು ದೋಷದ ಬಗ್ಗೆ ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಬಲಗೈ ಆಟಗಾರ ಹೊಡೆದ ಚೆಂಡು ಗುರಿಯತ್ತ ಹೋಗದೆ, ಕುಡುಗೋಲಿನಂತೆ ಬಾಗಿ ಬಲಗಡೆಯ ಪೊದೆಯಲ್ಲಿ ಬೀಳುತ್ತದೆ. ಇದಕ್ಕೆ ಸ್ಲೈಸ್ ಎಂದು ಹೆಸರು. ಎಡಗೈಯವರಿಗಾದರೆ ಇದೇ ದೋಷ ಎಡಕ್ಕೆ ಕಾಣುತ್ತದೆ. ಎರಡು ದಿನ ಸರಿಯಾದಂತೆ ತೋರಿ, ಮೂರನೆಯ ದಿನ ಮರಳಿ ಬರುವುದು ಇದರ ಸ್ವಭಾವ. ಹೀಗೆ ಮರುಕಳಿಸುವುದಕ್ಕೆ ಕಾರಣವೇನು? ನಾವು ರೋಗವನ್ನು ಬಿಟ್ಟು ಅದರ ಚಿಹ್ನೆಗೆ ಮದ್ದು ಮಾಡುತ್ತೇವೆ ಎಂಬುದೇ ಮುಖ್ಯ ಕಾರಣ.

ಚೆಂಡು ಏಕೆ ಬಾಗುತ್ತದೆಂಬುದನ್ನು ಮೊದಲು ನೋಡೋಣ. ಕೋಲಿಗೂ ಚೆಂಡಿಗೂ ಇರುವ ಸಂಪರ್ಕ ಒಂದು ಸೆಕೆಂಡಿನ ಸುಮಾರು ಎರಡು ಸಾವಿರದಲ್ಲೊಂದು ಪಾಲು ಮಾತ್ರ. ಅಷ್ಟರಲ್ಲಿಯೇ ಎರಡು ಸಂಗತಿಗಳು ನಿಶ್ಚಯವಾಗಿಬಿಡುತ್ತವೆ: ಕೋಲಿನ ಮುಖ ಎತ್ತ ನೋಡುತ್ತಿತ್ತು, ಕೋಲು ಯಾವ ದಾರಿಯಲ್ಲಿ ಬರುತ್ತಿತ್ತು. ಮುಖ ಆ ದಾರಿಗಿಂತ ಬಲಕ್ಕೆ ತೆರೆದಿದ್ದರೆ ಚೆಂಡು ಓರೆಯಾಗಿ ಸುತ್ತತೊಡಗಿ, ಗಾಳಿಯಲ್ಲಿ ಬಲಕ್ಕೆ ಸರಿಯುತ್ತದೆ. ಕ್ರಿಕೆಟ್ಟಿನಲ್ಲಿ ಸ್ಪಿನ್ ಬೌಲರನ ಚೆಂಡು ನೆಲ ಮುಟ್ಟುವ ಮೊದಲೇ ಪಕ್ಕಕ್ಕೆ ಜಾರುವುದನ್ನು ಬಲ್ಲವರಿಗೆ ಇದು ಅಚ್ಚರಿಯಲ್ಲ. ಗಾಲ್ಫ್ ಚೆಂಡಿನ ಹಾರಾಟದಲ್ಲಿ ಈ ಸುತ್ತುವಿಕೆಯ ಮಹತ್ವವನ್ನು 19ನೆಯ ಶತಮಾನದ ಕೊನೆಯಲ್ಲಿ ಎಡಿನ್‌ಬರೋ ನಗರದ ಪ್ರಾಧ್ಯಾಪಕ ಪೀಟರ್ ಗಥ್ರಿ ಟೇಟ್ ಲೆಕ್ಕಹಾಕಿ ತೋರಿಸಿದರು. ಅವರ ಮಗ ಫ್ರೆಡ್ಡಿ ಟೇಟ್ 1896ರಲ್ಲಿಯೂ 1898ರಲ್ಲಿಯೂ ಬ್ರಿಟನ್ನಿನ ಹವ್ಯಾಸಿ ಆಟಗಾರರ ಪಂದ್ಯವನ್ನು ಗೆದ್ದವರು.

ಚೆಂಡು ಕೋಲಿನ ದಾರಿಯಲ್ಲೇ ಹೊರಡುತ್ತದೆಂದು ಬಹುಕಾಲ ಅನೇಕ ಪುಸ್ತಕಗಳು ಹೇಳುತ್ತಿದ್ದವು. ರಡಾರ್ ಯಂತ್ರಗಳಿಂದ ಅಳೆದು ನೋಡಿದ ಮೇಲೆ ಅದು ಸರಿಯಲ್ಲವೆಂದು ಸ್ಪಷ್ಟವಾಯಿತು. ಹೊರಡುವ ದಿಕ್ಕನ್ನು ಮುಕ್ಕಾಲು ಪಾಲು, ಕೆಲವೊಮ್ಮೆ ಅದಕ್ಕೂ ಹೆಚ್ಚಾಗಿ, ನಿರ್ಧರಿಸುವುದು ಕೋಲಿನ ಮುಖ. ಮುಖಕ್ಕೂ ದಾರಿಗೂ ಇರುವ ಅಂತರದಿಂದ ಬಾಗು ಹುಟ್ಟುತ್ತದೆ.

ಇಷ್ಟು ತಿಳಿದರೆ ಚೆಂಡೇ ನಮಗೆ ರೋಗವನ್ನು ಹೇಳುತ್ತದೆ. ಇಂಗ್ಲೆಂಡಿನ ಹೆಸರಾಂತ ಶಿಕ್ಷಕ ಜಾನ್ ಜೇಕಬ್ಸ್ ಚೆಂಡಿನ ಹಾರಾಟದಿಂದಲೇ ದೋಷ ಕಂಡುಹಿಡಿಯುವುದನ್ನು ತಮ್ಮ ಬೋಧನೆಯ ತಳಹದಿಯನ್ನಾಗಿ ಮಾಡಿಕೊಂಡಿದ್ದರು. ಚೆಂಡು ಎಲ್ಲಿ ಬಿತ್ತೆಂಬುದಕ್ಕಿಂತ ಎಲ್ಲಿಂದ ಹೊರಟಿತೆಂಬುದನ್ನು ಗಮನಿಸಬೇಕು. ಹೊರಡುವಾಗಲೇ ಬಲಕ್ಕೆ ಹೋಗಿ ಇನ್ನೂ ಬಲಕ್ಕೆ ಬಾಗಿದರೆ, ಮುಖ ಗುರಿಗೇ ತೆರೆದುಕೊಂಡಿದೆ, ಹಿಡಿತವನ್ನು ಪರೀಕ್ಷಿಸಬೇಕು. ಎಡಕ್ಕೆ ಹೊರಟು ಆಮೇಲೆ ಬಲಕ್ಕೆ ಬಾಗಿದರೆ, ಕೋಲು ಹೊರಗಿನಿಂದ ಒಳಕ್ಕೆ, ದೇಹವನ್ನು ಅಡ್ಡಹಾಯ್ದು ಬರುತ್ತಿದೆ. ದೊಡ್ಡ ಕೋಲಿನಲ್ಲಿ ಚೆಂಡು ಬಲಕ್ಕೆ ಬಾಗುತ್ತದೆ, ಸಣ್ಣ ಕೋಲಿನಲ್ಲಿ ನೆಟ್ಟಗೆ ಎಡಕ್ಕೆ ಹೋಗುತ್ತದೆ ಎಂದು ದೂರುವವರುಂಟು. ಅವು ಎರಡು ರೋಗಗಳಲ್ಲ. ಎರಡರಲ್ಲೂ ಬೀಸಿನ ದಾರಿ ಒಂದೇ. ಸಣ್ಣ ಕೋಲಿನ ಮುಖ ಮೇಲಕ್ಕೆ ವಾಲಿರುವುದರಿಂದ ಚೆಂಡು ಹೆಚ್ಚಾಗಿ ಹಿಮ್ಮುಖವಾಗಿ ಸುತ್ತುತ್ತದೆ, ಪಕ್ಕದ ಬಾಗು ಕಡಮೆಯಾಗುತ್ತದೆ.

ಇನ್ನೊಂದು ಪರೀಕ್ಷೆಯೂ ಉಂಟು. ದೊಡ್ಡ ಕೋಲಿನ ಮುಖಕ್ಕೆ ಸ್ವಲ್ಪ ಪೌಡರ್ ಸವರಿ ಹೊಡೆದು ನೋಡಿರಿ. ಗುರುತು ಹಿಡಿಯ ಕಡೆಗಿರುವ ಅಂಚಿಗೆ ಬಿದ್ದಿದ್ದರೆ, ಅದರಿಂದಲೂ ಚೆಂಡು ಬಲಕ್ಕೆ ಬಾಗುತ್ತದೆ.

ಚೆಂಡು ಬಲಕ್ಕೆ ಹೋಗುತ್ತದೆಂದು ಆಟಗಾರ ಸಾಮಾನ್ಯವಾಗಿ ಮಾಡುವುದೇನು? ಎಡಕ್ಕೆ ತಿರುಗಿ ನಿಲ್ಲುತ್ತಾನೆ. ಆಗ ಭುಜ ಎಡಕ್ಕೆ ತಿರುಗುತ್ತದೆ, ಕೋಲಿನ ದಾರಿ ಇನ್ನಷ್ಟು ಎಡಕ್ಕೆ ಹೋಗುತ್ತದೆ. ಮುಖ ಮಾತ್ರ ಗುರಿಯ ಕಡೆಗೇ ಉಳಿಯುತ್ತದೆ. ಮುಖಕ್ಕೂ ದಾರಿಗೂ ಇರುವ ಅಂತರ ಬೆಳೆಯುತ್ತದೆ. ಬಾಗು ಮೊದಲಿಗಿಂತ ಹೆಚ್ಚಾಗುತ್ತದೆ. ಅವನು ಮತ್ತೂ ಎಡಕ್ಕೆ ತಿರುಗುತ್ತಾನೆ. ಈ ಸುಳಿಯಲ್ಲಿ ವರ್ಷಗಟ್ಟಲೆ ಸುತ್ತುವವರಿದ್ದಾರೆ.

ಚಿಕಿತ್ಸೆಗೆ ಒಂದು ಕ್ರಮವುಂಟು. ಮೊದಲು ಹಿಡಿತ. ಮುಖ ತೆರೆದಿರುವ ತನಕ ದೇಹ ಚೆಂಡನ್ನು ಎಡಕ್ಕೆ ಎಳೆಯುವುದನ್ನು ಬಿಡಲಾರದು. ಆದುದರಿಂದ ದಾರಿಯನ್ನು ಮೊದಲು ತಿದ್ದಹೋದರೆ ಶ್ರಮ ವ್ಯರ್ಥ. ನಿಂತು ಕೆಳಗೆ ನೋಡಿದಾಗ ಎಡಗೈಯ ಎರಡು ಅಥವಾ ಮೂರು ಗೆಣ್ಣುಗಳು ಕಾಣಬೇಕು. ಒಂದೇ ಕಂಡರೆ ಕೈಯನ್ನು ಸ್ವಲ್ಪ ಬಲಕ್ಕೆ ಹೊರಳಿಸಬೇಕು. ಎರಡು ಕೈಗಳಲ್ಲೂ ಹೆಬ್ಬೆರಳಿಗೂ ತೋರುಬೆರಳಿಗೂ ನಡುವಣ ಗೆರೆ ಬಲ ಭುಜದತ್ತ ತೋರಲಿ. ಬಿಗಿಯಾಗಿ ಹಿಸುಕುವುದು ಬೇಡ. ಬಿಗಿದ ಮುಂಗೈಗೆ ಕೋಲಿನ ಮುಖವನ್ನು ಮುಚ್ಚಲು ಸಡಿಲವಿರುವುದಿಲ್ಲ.

ಎರಡನೆಯದು ನಿಲುವು. ರೈಲು ಹಳಿಗಳಂತೆ ಎರಡು ಕೋಲುಗಳನ್ನು ನೆಲದ ಮೇಲಿಡಿ. ಒಂದು ಗುರಿಯ ಕಡೆಗೆ, ಇನ್ನೊಂದು ಪಾದಗಳ ಮುಂದೆ. ಪಾದ, ಸೊಂಟ, ಭುಜ ಮೂರೂ ಅವಕ್ಕೆ ಸಮಾನಾಂತರವಾಗಿರಲಿ. ದೊಡ್ಡ ಕೋಲಿಗೆ ಚೆಂಡು ಎಡ ಹಿಮ್ಮಡಿಯ ನೇರಕ್ಕಿದ್ದರೆ ಸಾಕು. ಅದಕ್ಕೂ ಮುಂದಿದ್ದರೆ ಭುಜ ತಾನಾಗಿ ಎಡಕ್ಕೆ ತೆರೆದುಕೊಳ್ಳುತ್ತದೆ.

ಮೂರನೆಯದು ದಾರಿ. ಚೆಂಡಿನಿಂದ ಆಚೆಗೆ, ಸ್ವಲ್ಪ ಹಿಂದಕ್ಕೆ, ಖಾಲಿ ರಟ್ಟಿನ ಪೆಟ್ಟಿಗೆಯೊಂದನ್ನಿಟ್ಟು ಅದು ತಗುಲದಂತೆ ಬೀಸಿ ನೋಡಿರಿ. ಹೊರಗಿನಿಂದ ಬರುವ ಕೋಲು ಪೆಟ್ಟಿಗೆಯನ್ನು ಹೊಡೆದೇ ತೀರುತ್ತದೆ. ಕೆಳಬೀಸು ಭುಜದಿಂದಲ್ಲ, ಸೊಂಟದಿಂದ ಮೊದಲಾಗಲಿ. ಮಧ್ಯಮ ಅಳತೆಯ ಕೋಲಿನಿಂದ ಅರ್ಧ ಬೀಸಿನಲ್ಲಿ, ನಿಧಾನವಾಗಿ ಆರಂಭಿಸುವುದು ಲೇಸು. ಹೊಸ ಹಿಡಿತದಲ್ಲಿ ಕೆಲವು ಹೊಡೆತ ನೇರವಾಗಿ ಎಡಕ್ಕೆ ಹೋಗಬಹುದು. ಹೆದರಬೇಡಿ. ಮುಖ ಮುಚ್ಚತೊಡಗಿದೆ, ದಾರಿ ಇನ್ನೂ ತಿದ್ದಿಲ್ಲ ಎಂದಷ್ಟೇ ಅದರ ಅರ್ಥ. ಅಲ್ಲಿ ಗಾಬರಿಯಾಗಿ ಹಳೆಯ ಹಿಡಿತಕ್ಕೆ ಮರಳುವವರೇ ಹೆಚ್ಚು.

ದೋಷ ಹೋದ ಮೇಲೂ ಎಚ್ಚರ ಬೇಕು. ಹಿಡಿತ ದಿನದಿನಕ್ಕೆ ಕೂದಲೆಳೆಯಷ್ಟು ಜಾರುತ್ತದೆ, ನಮಗೆ ತಿಳಿಯುವುದಿಲ್ಲ. ಆದುದರಿಂದ ಮತ್ತೆ ಚೆಂಡು ಬಾಗಿದ ದಿನ ಹೊಸ ಉಪಾಯ ಹುಡುಕದೆ, ಗೆಣ್ಣು, ನಿಲುವು, ಪೆಟ್ಟಿಗೆ ಇವನ್ನು ಇದೇ ಕ್ರಮದಲ್ಲಿ ಪರೀಕ್ಷಿಸಿರಿ. ಮೊದಲನೆಯದು ಸರಿಯಾಗುವ ತನಕ ಎರಡನೆಯದಕ್ಕೆ ಕೈಹಾಕಬೇಡಿ.